ಅಣ್ಣನ ಸಹಿ

ಸಹಿಯ ಕೊನೆಯ ಬಾಲ ಎಳೆದು ಕುಂಚ ಎತ್ತಿದ ಮೇಲೆಯೇ ತಂಗಿಗೆ ಗೊತ್ತಾದದ್ದು, ತಾನು ಬರೆದದ್ದು ಅಣ್ಣನ ಹೆಸರೆಂದು.

ಕೈಯ ತಪ್ಪೇನೂ ಇಲ್ಲ ಬಿಡಿ. ಚಿತ್ರಕಾರನಾದ ಅಣ್ಣನ ಕೈ ನಡುಗತೊಡಗಿದ ಈ ಒಂಬತ್ತು ವರ್ಷಗಳಲ್ಲಿ ಅವನ ಚಿತ್ರಗಳನ್ನೆಲ್ಲ ಗುಟ್ಟಾಗಿ ಬರೆದವಳೂ ಅವಳೇ, ಕೆಳಗೆ ಅವನ ಸಹಿ ಹಾಕಿದವಳೂ ಅವಳೇ. ಆ ಸಹಿಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಗೆ ಎರಡು ಸುತ್ತು ಬಂದು, ಗಂಟು ಹಾಕಲು ಇನ್ನೂ ಒಂದು ಗೇಣು ಉಳಿದೀತು! ಆದರೆ ಬೀರುವಿನ ಹಿಂದೆ ಬಚ್ಚಿಟ್ಟಿದ್ದ ಈ ಒಂದು ಚಿತ್ರ ಮಾತ್ರ ಪೂರ್ತಿ ಅವಳದು. ರಾಜಧಾನಿಯ ಗ್ಯಾಲರಿಯಿಂದ ಬಂದಿದ್ದ ಮೇಡಂ ಅದನ್ನು ಹೊರಗೆಳೆದು, "ಇದನ್ನ ನಿಮ್ಮ ಹೆಸರಲ್ಲೇ ತೂಗುಹಾಕ್ತೀವಿ, ಬೇಗ ಸಹಿ ಹಾಕಿ" ಎಂದು ತಂಗಿಗೆ ಹೇಳಿ, ಫೋನ್ ಬಂತೆಂದು ಅಂಗಳಕ್ಕೆ ಹೋಗಿದ್ದರು.

ತಂಗಿ ಬಣ್ಣ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮೇಡಂ ಒಳಗೆ ಬಂದರು, ಚಿತ್ರದ ಮೂಲೆ ನೋಡಿ, ಪಕ್ಕದ ಕುರ್ಚಿಯಲ್ಲಿದ್ದ ಅಣ್ಣನ ಕಡೆ ತಿರುಗಿದರು. "ಅಯ್ಯೋ ಸಾರ್, ಇದೂ ನಿಮ್ದೇನಾ? ತಂಗೀದು ಅಂದ್ಕೊಂಡು ಕುಣಿದಾಡ್ಬಿಟ್ಟೆನಲ್ಲ ನಾನು!"

ತಂಗಿ ಅಣ್ಣನ ಮುಖ ನೋಡಿದಳು. ಆ ನೋಟ ಎಷ್ಟು ಉದ್ದವಿತ್ತೆಂದರೆ, ಅಷ್ಟರಲ್ಲಿ ಮೂರು ತಲೆಮಾರು ಹುಟ್ಟಿ, ಮದುವೆಯಾಗಿ, ಜಗಳವಾಡಿ ಸತ್ತಿರಬಹುದು. ಅಣ್ಣ ನಡುಗುವ ಕೈಗಳನ್ನು ಜೇಬಿಗೆ ತುರುಕಿಕೊಂಡ.

"ಹಳೇದಮ್ಮ. ಸಹಿ ಒಂದು ಬಾಕಿ ಇತ್ತು," ಎಂದ. ಆಮೇಲೆ ತಂಗಿಯ ಕಡೆ ತಿರುಗಿ ಮೆತ್ತಗೆ ಹೇಳಿದ: "ಆ ಬಟ್ಟೆ ಕೆಳಗಿಡು ಪುಟ್ಟೀ. ಬಣ್ಣ ಒಣಗಲಿ."