ಮೂರನೆಯ ಹೇಮಾವತಿ

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ನಾಳೆಯಿಂದ ನನ್ನ ನಾಲಿಗೆಗೆ ಉಪ್ಪು ಹುಳಿ ರುಚಿಸದಿರಲಿ.

ಹೇಮಾವತಿ ಹೊಳೆಯ ದಡದ ಊರೊಂದರಲ್ಲಿ ಹೇಮಾವತಮ್ಮ ಎಂಬ ಹೆಂಗಸಿದ್ದಳು. ಮಗನಿಗೆ ತಂದ ಹೆಣ್ಣಿನ ಹೆಸರೂ ಹೇಮಾವತಿಯೇ ಆಗಿತ್ತು. ಸೊಸೆ ಹೊಸಿಲು ದಾಟುವ ಮೊದಲೇ ಅತ್ತೆ ತಡೆದಳು.

“ಹೊಳೆ ಒಂದು, ನಾನೊಬ್ಳು, ಸಾಕು. ಒಂದೇ ಮನೇಲಿ ಎರಡು ಹೇಮಾವತಿ ಇರಬಾರ್ದು. ಮೊನ್ನೆ ಸತ್ತ ನಮ್ಮ ಎಮ್ಮೆ ಹೆಸ್ರು ಕಾಳಿ. ಕರೆದು ಅಭ್ಯಾಸ ಐತೆ, ನಿಂಗೂ ಅದೇ ಇರ್ಲಿ.”

ನಾಲ್ಕು ವರ್ಷ ಅತ್ತೆ “ಕಾಳೀ” ಎಂದು ಕೂಗಿದಾಗಲೆಲ್ಲ ಸೊಸೆ “ಬಂದೆ ಅತ್ತೆ” ಎಂದಳು. ಕೊಟ್ಟಿಗೆಯಲ್ಲಿ ಆ ಎಮ್ಮೆಯ ಕರುವೂ ತಲೆಯೆತ್ತಿ ನೋಡುತ್ತಿತ್ತು.

ಐದನೆಯ ವರ್ಷ ಸೊಸೆ ತವರಿನಲ್ಲಿ ಹೆಣ್ಣು ಹೆತ್ತು, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬರುವಷ್ಟರಲ್ಲಿ ಲಕ್ವ ಹೊಡೆದು ಅತ್ತೆಯ ಒಂದು ಕೈ, ಒಂದು ಕಾಲು ಬಿದ್ದುಹೋಗಿತ್ತು. ಗಂಜಿ ಕುಡಿಸುತ್ತ ಸೊಸೆ ಹೇಳಿದಳು: “ಕೂಸಿಗೆ ಹೇಮಾವತಿ ಅಂತ್ಲೇ ಹೆಸ್ರಿಡ್ತೀನಿ ಅತ್ತೆ.”

ಮುದುಕಿಯ ಕಣ್ಣು ತುಂಬಿತು. ಎಷ್ಟು ಬೈದರೂ ಹುಡುಗಿಯ ಮನಸ್ಸು ಒಳ್ಳೆಯದು ಅಂದುಕೊಂಡಳು. ಆಮೇಲೆ ನೆನಪಾಯಿತು.

“ಅಯ್ಯೋ ದಡ್ಡಿ, ನಮ್ಮಲ್ಲಿ ಅಜ್ಜಿ ಹೆಸ್ರು ಇಡೋದು ಅಜ್ಜಿ ಸತ್ತ ಮೇಲಲ್ವೇನೇ?”

“ಗೊತ್ತು ಅತ್ತೆ. ಒಂದೇ ಮನೇಲಿ ಇಬ್ರು ಇರಬಾರ್ದು ಅಂತ ನೀವೇ ಹೇಳಿದ್ರಲ್ಲ. ತೊಟ್ಟಿಲ ಶಾಸ್ತ್ರ ಸೋಮವಾರ, ಇನ್ನೂ ಐದು ದಿನ ಐತೆ. ಬಾಯಿ ತೆಗೀರಿ, ಗಂಜಿ ಆರೋಗ್ತದೆ.”

ಇಷ್ಟು ಹೇಳಿದ ಮೇಲೂ ನಂಬಿಕೆ ಬರಲಿಲ್ಲವೆಂದರೆ, ಆ ಗಂಜಿ ಇನ್ನೂ ಅರ್ಧ ಲೋಟ ಉಳಿದಿದೆ. ಎಲ್ಲಿ, ಒಂದು ಗುಟುಕು ಕುಡಿದು ತೋರಿಸಿ.