ಚಳಿಗಾಲದ ಕಾವಲು

ಹೊಳೆ ಹುಟ್ಟುವ ಆ ಎತ್ತರದ ಕಣಿವೆಯ ಅಭಯಾರಣ್ಯದಲ್ಲಿ ಚಳಿಗಾಲ ಪ್ರಾಣಿಗಳದ್ದು. ಜಿಂಕೆಗಳು ಅಂಜದೆ ನೀರಿಗಿಳಿಯಲೆಂದು ಊರಿನವರೆಲ್ಲ ಕರಡಿಗಳ ಹಾಗೆ ಮೂರು ತಿಂಗಳು ಮಲಗಿಬಿಡುತ್ತಾರೆ. ಕಾವಲಿಗೆ ಒಬ್ಬರು ಎಚ್ಚರವಿದ್ದರೆ ಸಾಕು. ಈ ಸಲದ ಸರದಿ ಕೇತಮ್ಮನದು. ಅವಳ ಪಾಲಿಗೆ ಒಬ್ಬರಿಗಾಗುವಷ್ಟು ರಾಗಿ, ಜೊತೆಗೊಂದು ಕಟ್ಟಪ್ಪಣೆ: ಮಲಗಿದವರ ಹತ್ತಿರ ಕಾಫಿ ಕಾಯಿಸಬಾರದು. ಆ ಘಮಕ್ಕೆ ಎದ್ದವರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ.

ಐವತ್ತನೆಯ ಬೆಳಿಗ್ಗೆ ಅವಳ ಗಂಡ ಜಡೆಯಪ್ಪ ಕಣ್ಣುಬಿಟ್ಟ.

“ಚಳಿ ಮುಗೀತಾ?”

“ಇನ್ನೂ ನಲವತ್ತು ದಿನ ಅದೆ.”

“ಮರ್ತು ಕಾಪಿ ಕಾಯಿಸ್ಬುಟ್ಯಾ?”

“ಹೂಂ, ಮರ್ತೋಯ್ತು,” ಎಂದಳು ಕೇತಮ್ಮ, ಮುಖ ತಿರುಗಿಸಿ.

ಒಲೆಯ ಪಕ್ಕದಲ್ಲಿ ತೊಳೆದಿಟ್ಟ ಎರಡು ಲೋಟಗಳಿದ್ದವು. ಅವನ್ನು ನೋಡಿದ ಜಡೆಯಪ್ಪ ಎದ್ದು ಕುಳಿತ.

“ಅಂಬ್ಲಿ ಮಾಡ್ಕಂಡ್ರೆ ರಾಗಿ ಇಬ್ರಿಗೂ ಆಯ್ತದೆ ಬುಡು.”