ಗಂಗಪ್ಪ ತಾತನ ಕೊನೆಯ ಹಾಳೆಗಳು

ನಾನು ಬರೆಯುವ ಮಕ್ಕಳ ಕಥೆಗಳಲ್ಲೆಲ್ಲ ಒಂದು ಅಂಗಡಿ ಬರುತ್ತದೆ. ಇವತ್ತು ಚಿತ್ರ ಅಂಟಿಸಲು ಮೈದಾ ಅಂಟು ಕಾಯಿಸಿದಾಗ ಆ ಅಂಗಡಿಯ ವಾಸನೆಯೇ ಮನೆಯೆಲ್ಲ ತುಂಬಿಕೊಂಡಿತು.

ನಾನು ಚಿಕ್ಕವಳಿದ್ದಾಗ ಶಿಡ್ಲಘಟ್ಟದ ಆ ಅಂಗಡಿಯಲ್ಲಿ ಗಂಗಪ್ಪ ತಾತ ಕಥೆಪುಸ್ತಕ ಬಾಡಿಗೆಗೆ ಕೊಡುತ್ತಿದ್ದರು. ರೇಷ್ಮೆಹುಳು ಗೂಡು ಕಟ್ಟುವ ಹಳೆಯ ಬಿದಿರಿನ ಚಂದ್ರಿಕೆಯನ್ನು ಗೋಡೆಗೆ ಒರಗಿಸಿ, ಅದರ ಸುತ್ತುಗಳಲ್ಲಿ ತೆಳ್ಳನೆಯ ಪುಸ್ತಕಗಳನ್ನು ಸಿಕ್ಕಿಸಿಟ್ಟಿದ್ದರು. ಯಾವುದಾದರೂ ಪುಸ್ತಕದ ಕೊನೆಯ ಹಾಳೆ ಕಿತ್ತುಹೋಗಿದ್ದರೆ ಮಿಕ್ಕ ಕಥೆಯನ್ನು ತಾತ ಬಾಯಲ್ಲೇ ಹೇಳುತ್ತಿದ್ದರು. ಪುಸ್ತಕದಲ್ಲಿ ಸಾಯಬೇಕಾಗಿದ್ದ ರಾಕ್ಷಸ ಅವರ ಬಾಯಲ್ಲಿ ಚಿಂತಾಮಣಿ ಬಸ್ಸು ಹತ್ತಿ ತಪ್ಪಿಸಿಕೊಳ್ಳುತ್ತಿದ್ದ. ಅದನ್ನು ಕೇಳುವ ಆಸೆಗೆ ನಾನೇ ಕೊನೆಯ ಹಾಳೆಗಳನ್ನು ಹರಿಯತೊಡಗಿದೆ.

ಒಂದು ಮಧ್ಯಾಹ್ನ ಹಾಗೆ ಹರಿದ ಪುಸ್ತಕವನ್ನು ಕೊಟ್ಟು, "ತಾತಾ, ಇದಕ್ಕೂ ಕೊನೆ ಇಲ್ಲ" ಎಂದೆ. ಹಾಳೆ ನನ್ನ ಲಂಗದ ಸೊಂಟದಲ್ಲಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಮಗನ ಕೈಹಿಡಿದು ಬಂದರು.

"ನಿಮ್ಮತ್ರ ಇರೋದೆಲ್ಲ ಹರಕಲು ಪುಸ್ತಕಗಳೇ. ಇನ್ಮೇಲೆ ನಮ್ ಹುಡ್ಗ ಬರಲ್ಲ," ಎಂದು ತಂದ ಪುಸ್ತಕವನ್ನು ಕುಕ್ಕಿ ಹೋದರು.

ತಾತ ಅಂಟಿನ ಬಟ್ಟಲು ಎಳೆದುಕೊಂಡು ಅವರು ಕುಕ್ಕಿಹೋದ ಪುಸ್ತಕದ ಬೆನ್ನಿಗೆ ಕಾಗದ ಅಂಟಿಸಿದರು. ಆಮೇಲೆ ಎಂದಿನಂತೆ ನನಗೆ ಕಥೆಯ ಕೊನೆ ಹೇಳಿದರು, ಒಂದು ಮಾತೂ ಬಿಡದೆ.

ನಾನು ಏಳುವಾಗ ಸೊಂಟದ ಹಾಳೆ ಸರಬರ ಎಂದಿತು. ತಾತ ತಲೆ ಎತ್ತಲಿಲ್ಲ.

"ಹರೀಬೇಡ ಕಣಮ್ಮ. ಕಥೆ ಬೇಕಂದ್ರೆ ಸುಮ್ನೆ ಬಾ, ಹೇಳ್ತೀನಿ."

ಮಾರನೆಯ ದಿನದಿಂದ, ಆ ಅಂಗಡಿ ಮುಚ್ಚಿಹೋಗುವವರೆಗೂ, ನಾನು ಅದರ ಮುಂದೆ ಹಾಯದೆ ಹಿಂದಿನ ಬೀದಿ ಬಳಸಿಕೊಂಡೇ ಸ್ಕೂಲಿಗೆ ಹೋದೆ.